ವಾಲ್ವ್ ಮುಚ್ಚುವ ಹೊತ್ತು: ಕ್ಯಾಮ್‌ಶಾಫ್ಟ್ ವಿನ್ಯಾಸ ಮತ್ತು ಘಾಟಿಯ ಎಂಜಿನ್

ಎಂಜಿನ್‌ನ ಕಸುವು ಹೆಚ್ಚಿಸುವ ಮಾತು ಬಂದಾಗಲೆಲ್ಲ ಕ್ಯಾಮ್‌ಶಾಫ್ಟನ್ನು ಗರಿಷ್ಠ ಅಶ್ವಶಕ್ತಿ ಎಂಬ ಒಂದೇ ಅಂಕಿಯಿಂದ ಅಳೆಯುವ ರೂಢಿ ಈಚಿನ ವರ್ಷಗಳಲ್ಲಿ ಗಟ್ಟಿಯಾಗಿದೆ. ಕ್ಯಾಮ್ ದೊಡ್ಡದಾದಷ್ಟೂ ಬಲ ಹೆಚ್ಚು, ನಿಂತಲ್ಲಿ ತಡವರಿಸಿ ಗುಡುಗುವ ಎಂಜಿನ್ನೇ ಬಲಶಾಲಿ ಎಂಬ ನಂಬಿಕೆ ಒಂದು ಕಡೆಗಿದ್ದರೆ, ವಾಲ್ವಿನ ಸಮಯವನ್ನು ಕಂಪ್ಯೂಟರೇ ಬದಲಿಸುವ ಕಾಲದಲ್ಲಿ ಕ್ಯಾಮಿನ ಚರ್ಚೆಯೇ ಹಳತಾಯಿತು ಎನ್ನುವವರು ಇನ್ನೊಂದು ಕಡೆಗಿದ್ದಾರೆ. ಎರಡೂ ಅಭಿಪ್ರಾಯಗಳು ಎಂಜಿನ್ನನ್ನು ಸಪಾಟು ನೆಲದಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದ ಸ್ಥಿತಿಯಲ್ಲಿ ಮಾತ್ರ ನೋಡುವುದರಿಂದ ಹುಟ್ಟಿದವು. ಬತ್ತಲಗುಂಡಿನಿಂದ ಕೊಡೈಕನಾಲಿಗೆ ಹೋಗುವ ರಸ್ತೆ 60 ಕಿಲೋಮೀಟರಿನ ಆಸುಪಾಸಿನಲ್ಲಿ ಸುಮಾರು 1800 ಮೀಟರ್ ಏರುತ್ತದೆ. ಆ ರಸ್ತೆಯಲ್ಲಿ, ಇಲ್ಲವೇ ಬೋಡಿಮೆಟ್ಟು, ಕಂಬಂಮೆಟ್ಟು, ಮೇಘಮಲೆಗಳ ತಿರುವುಗಳಲ್ಲಿ, ಎರಡನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರಿಗೆ ಎಂಜಿನ್ ಹೇಗೆ ಎಳೆಯುತ್ತದೆ ಎಂಬುದನ್ನು ಕೇಳಿದಾಗ ಕ್ಯಾಮ್ ವಿನ್ಯಾಸದ ಚರಿತ್ರೆ ಬೇರೆಯಾಗಿಯೇ ಕಾಣತೊಡಗುತ್ತದೆ.

ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಅದರ ಮೈಮೇಲಿರುವ ಮೊಟ್ಟೆಯಾಕಾರದ ಉಬ್ಬುಗಳು, ಅಂದರೆ ಲೋಬುಗಳು, ವಾಲ್ವುಗಳನ್ನು ತಳ್ಳಿ ತೆರೆಯುತ್ತವೆ, ಸ್ಪ್ರಿಂಗುಗಳು ಮುಚ್ಚುತ್ತವೆ. ವಾಲ್ವ್ ತನ್ನ ಸೀಟಿನಿಂದ ಏಳುವ ಎತ್ತರವನ್ನು ಲಿಫ್ಟ್ ಎಂದೂ, ಕ್ರ್ಯಾಂಕಿನ ಎಷ್ಟು ಡಿಗ್ರಿಗಳವರೆಗೆ ತೆರೆದಿರುತ್ತದೆ ಎಂಬುದನ್ನು ಡ್ಯುರೇಶನ್ ಎಂದೂ, ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚದೆ ಇನ್‌ಲೆಟ್ ವಾಲ್ವ್ ಆಗಲೇ ತೆರೆದಿರುವ ಅವಧಿಯನ್ನು ಓವರ್‌ಲ್ಯಾಪ್ ಎಂದೂ ಕರೆಯುತ್ತಾರೆ. 240 ಡಿಗ್ರಿ ಡ್ಯುರೇಶನ್ನಿನ ಇನ್‌ಲೆಟ್ ವಾಲ್ವ್ 2000 ಆರ್‌ಪಿಎಂನಲ್ಲಿ 20 ಮಿಲಿಸೆಕೆಂಡು ತೆರೆದಿರುತ್ತದೆ, 6000 ಆರ್‌ಪಿಎಂನಲ್ಲಿ 7 ಮಿಲಿಸೆಕೆಂಡು ಕೂಡ ಸಿಗುವುದಿಲ್ಲ. ಹೆಚ್ಚಿನ ವೇಗದಲ್ಲಿ ಸಿಲಿಂಡರ್ ತುಂಬಬೇಕಾದರೆ ವಾಲ್ವ್ ಬೇಗ ತೆರೆದು ತಡವಾಗಿ ಮುಚ್ಚಬೇಕು. ರೇಸಿನ ಕ್ಯಾಮುಗಳ ತರ್ಕವೆಲ್ಲ ಇಷ್ಟೇ.

ಈ ತರ್ಕಕ್ಕೆ ಕೊಡಬೇಕಾದ ಬೆಲೆಯನ್ನು ಕ್ಯಾಟಲಾಗುಗಳು ಸಣ್ಣ ಅಕ್ಷರದಲ್ಲೂ ಬರೆಯುವುದಿಲ್ಲ. ಕ್ಯಾಮಿನ ನಾಲ್ಕು ಘಟನೆಗಳಲ್ಲಿ, ಅಂದರೆ ಎರಡು ವಾಲ್ವುಗಳ ತೆರೆಯುವಿಕೆ ಮತ್ತು ಮುಚ್ಚುವಿಕೆಗಳಲ್ಲಿ, ಎಂಜಿನ್ನಿನ ಸ್ವಭಾವವನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಇನ್‌ಲೆಟ್ ವಾಲ್ವ್ ಮುಚ್ಚುವ ಹೊತ್ತು. ಪಿಸ್ಟನ್ ತಳ ಮುಟ್ಟಿ ಮೇಲೇಳತೊಡಗಿದ ಮೇಲೆ 50 ಡಿಗ್ರಿಗೆ ವಾಲ್ವ್ ಮುಚ್ಚಿದರೆ, ಕನೆಕ್ಟಿಂಗ್ ರಾಡ್ ಸ್ಟ್ರೋಕಿನ 1.7 ಪಟ್ಟು ಉದ್ದವಿರುವ ಸಾಮಾನ್ಯ ಎಂಜಿನ್‌ನಲ್ಲಿ, ಸ್ಟ್ರೋಕಿನ ಶೇ 86ರಷ್ಟು ಭಾಗ ಇನ್ನೂ ಉಳಿದಿರುತ್ತದೆ. 75 ಡಿಗ್ರಿಗೆ ಮುಚ್ಚಿದರೆ ಉಳಿಯುವುದು ಶೇ 70 ಮಾತ್ರ. ಕಾಗದದ ಮೇಲೆ 9:1 ಇರುವ ಕಂಪ್ರೆಶನ್ ಮೊದಲನೆಯದರಲ್ಲಿ ಸುಮಾರು 7.9 ಆಗಿಯೂ ಎರಡನೆಯದರಲ್ಲಿ 6.6 ಆಗಿಯೂ ದುಡಿಯುತ್ತದೆ. ವೇಗ ಹೆಚ್ಚಿದ್ದಾಗ ಒಳನುಗ್ಗುವ ಗಾಳಿಯ ರಭಸ ಈ ನಷ್ಟವನ್ನು ತುಂಬಿಕೊಡುತ್ತದೆ, ಆದರೆ 2000 ಆರ್‌ಪಿಎಂನಲ್ಲಿ ಆ ರಭಸ ಇರುವುದಿಲ್ಲವಾದ್ದರಿಂದ ಸಿಲಿಂಡರಿಗೆ ಬಂದ ಮಿಶ್ರಣವನ್ನೇ ಪಿಸ್ಟನ್ ತಿರುಗಿ ಮ್ಯಾನಿಫೋಲ್ಡಿಗೆ ತಳ್ಳುತ್ತದೆ. ಇದಕ್ಕೆ ಎತ್ತರವೂ ಸೇರಿಕೊಳ್ಳುತ್ತದೆ: ಕೊಡೈಕನಾಲಿನ 2100 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲಿನಷ್ಟಿರುವುದರಿಂದ, ಕ್ಯಾಮ್ ಕಳೆದ ಮೇಲೆ ಉಳಿದುದರಲ್ಲಿ ಬೆಟ್ಟವೂ ತನ್ನ ಪಾಲು ಕಳೆಯುತ್ತದೆ.

ಆರಂಭದ ಹಂತಗಳನ್ನು ಚುಟುಕಾಗಿ ಹೇಳಿ ಮುಗಿಸಬಹುದು. ಮೊದಮೊದಲ ಕಾರುಗಳಲ್ಲಿ ಇನ್‌ಲೆಟ್ ವಾಲ್ವಿಗೆ ಕ್ಯಾಮೇ ಇರಲಿಲ್ಲ, ಪಿಸ್ಟನ್ ಎಳೆದ ಸೆಳೆತಕ್ಕೆ ಅದು ತಾನಾಗಿ ತೆರೆಯುತ್ತಿತ್ತು. 1912ರ ಫ್ರೆಂಚ್ ಗ್ರಾಂಪ್ರಿಯನ್ನು ಜಾರ್ಜ್ ಬ್ವಾಯೋ ಗೆದ್ದ 7.6 ಲೀಟರಿನ ಪ್ಯೂಜೊ ಕಾರಿನಲ್ಲಿ ಸಿಲಿಂಡರ್ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟುಗಳೂ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳೂ ಇದ್ದವು. ಇಂದಿನ ಸಾಧಾರಣ ಹ್ಯಾಚ್‌ಬ್ಯಾಕಿನ ಎಂಜಿನ್ ಆಕಾರದಲ್ಲಿ ಅದರ ಮೊಮ್ಮಗು. ಲಾಸ್ ಏಂಜಲೀಸಿನಲ್ಲಿ ಎಡ್ ವಿನ್‌ಫೀಲ್ಡ್, ಎರಡನೇ ಮಹಾಯುದ್ಧದ ನಂತರ ಎಡ್ ಇಸ್ಕಂದೇರಿಯನ್ ಮುಂತಾದವರು ಕ್ಯಾಮನ್ನು ಅಂಗಡಿಯಲ್ಲಿ ಬೆಲೆ ಕೊಟ್ಟು ಕೊಳ್ಳುವ ಬಿಡಿಭಾಗವನ್ನಾಗಿ ಮಾಡಿದರು, ಮತ್ತು ದೊಡ್ಡ ಡ್ಯುರೇಶನ್ ಅಂಕಿಯೇ ದೊಡ್ಡ ಮಾರಾಟ ಎಂಬ ಚಾಳಿಯೂ ಅಲ್ಲಿಂದಲೇ ಹೊರಟಿತು. ವಾಲ್ವ್ ಕೂದಲೆಳೆಯಷ್ಟು ಎದ್ದಾಗಿನಿಂದ ಎಣಿಸಿದರೆ ಬರುವ ಡ್ಯುರೇಶನ್ ಬೇರೆ, ಲೋಬಿನ ಮೇಲೆ ಕೂತು ಅದು ತಳ್ಳಿದಂತೆ ಏಳುವ ಟ್ಯಾಪೆಟ್ 1.27 ಮಿಲಿಮೀಟರ್ ಎದ್ದಾಗಿನಿಂದ ಎಣಿಸಿದರೆ ಬರುವುದು ಬೇರೆ; ಈ ಎರಡನ್ನು ಕಲಸಿ ಓದುವ ತಪ್ಪು ಇಂದಿಗೂ ನಿಂತಿಲ್ಲ.

ವಿನ್ಯಾಸವನ್ನು ಗಣಿತದ ನೆಲೆಗೆ ತಂದುದು 1948ರ ಡಬ್ಲ್ಯು. ಎಂ. ಡಡ್ಲಿಯ ಪ್ರಬಂಧ. ಟ್ಯಾಪೆಟ್, ಪುಷ್‌ರಾಡ್, ರಾಕರ್ ಆರ್ಮುಗಳು, ಅಂದರೆ ಲೋಬಿನ ಚಲನೆಯನ್ನು ವಾಲ್ವಿಗೆ ಮುಟ್ಟಿಸುವ ಕೊಂಡಿಗಳು, ಒತ್ತಡಕ್ಕೆ ಬಾಗುತ್ತವೆ, ಆದ್ದರಿಂದ ಲೋಬಿನ ಆಕಾರವನ್ನು ವಾಲ್ವಿಗೆ ಬೇಕಾದ ಚಲನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಪಡೆಯಬೇಕು ಎಂಬ ಪಾಲಿಡೈನ್ ವಿಧಾನ ಅಲ್ಲಿ ರೂಪುಗೊಂಡಿತು. ಚಪ್ಪಟೆ ತಳದ ಟ್ಯಾಪೆಟಿಗೆ ಇನ್ನೊಂದು ಮಿತಿಯಿದೆ: ಲೋಬು ಟ್ಯಾಪೆಟನ್ನು ಎಷ್ಟು ಚುರುಕಾಗಿ ಎತ್ತುತ್ತದೋ ಸ್ಪರ್ಶಬಿಂದು ನಡುವಿನಿಂದ ಅಷ್ಟು ದೂರ ಸರಿಯುತ್ತದೆ, ಅದು ಟ್ಯಾಪೆಟಿನ ಅಂಚು ದಾಟಿದರೆ ಲೋಬನ್ನೇ ಕೆರೆದು ಹಾಕುತ್ತದೆ. ಡ್ಯುರೇಶನ್ ಹೆಚ್ಚಿಸದೆ ಲಿಫ್ಟನ್ನು ಮನಬಂದಷ್ಟು ಏರಿಸಲಾಗದಿರುವುದಕ್ಕೆ ಕಾರಣ ಟ್ಯಾಪೆಟಿನ ಈ ವ್ಯಾಸ, ಅದಕ್ಕೇ ರೋಲರ್ ಟ್ಯಾಪೆಟುಗಳು ಬಂದವು. ಮರ್ಸಿಡಿಸ್ 1954ರಲ್ಲೂ ಡುಕಾಟಿಯ ಫಾಬಿಯೊ ತಾಲ್ಯೋನಿ 1956ರಲ್ಲೂ ಸ್ಪ್ರಿಂಗನ್ನೇ ಬಿಟ್ಟು ಮುಚ್ಚುವ ಕೆಲಸಕ್ಕೂ ಕ್ಯಾಮ್ ಹೂಡಿದ್ದು ಸೊಗಸಾದ ಸಾಧನೆಯೇ ಆದರೂ ಬೀದಿಯ ಗಾಡಿಗಳಿಗೆ ಅದರಿಂದ ದಕ್ಕಿದ್ದು ಕಡಿಮೆ. 1967ರಲ್ಲಿ ಕೀತ್ ಡಕ್‌ವರ್ತ್ ವಿನ್ಯಾಸದ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ ತನ್ನ ಮೊದಲ ಸ್ಪರ್ಧೆಯಲ್ಲೇ ಜಿಮ್ ಕ್ಲಾರ್ಕನ ಕೈಯಲ್ಲಿ ಗೆದ್ದಿತು. ಆದರೆ ಅದರ ಕಸುವು ಒಂದು ವೇಗದಲ್ಲಿ ಥಟ್ಟನೆ ಎದ್ದು ಬರುತ್ತಿದ್ದುದರಿಂದ ತಿರುವಿನಿಂದ ಹೊರಬರುವಾಗ ಕಾರನ್ನು ಹಿಡಿತದಲ್ಲಿಡುವುದು ಕಷ್ಟವಾಗಿತ್ತು ಎಂಬುದು ಆ ಗೆಲುವಿನ ಕತೆಯಷ್ಟು ಪ್ರಚಾರ ಪಡೆಯಲಿಲ್ಲ.

ಕನ್ನಡನಾಡಿನ ಮಟ್ಟಿಗೆ ಒಂದು ವಿಚಿತ್ರವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ದಿಗಳ ಮೇಲೆ ಕೈಪಳಗಿಸಿಕೊಂಡ ಒಂದಿಡೀ ಪೀಳಿಗೆ ಕ್ಯಾಮೇ ಇಲ್ಲದ ಎಂಜಿನ್‌ನಲ್ಲಿ ಟ್ಯೂನಿಂಗ್ ಕಲಿತಿತು. ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ವಾಲ್ವುಗಳ ಬದಲು ಸಿಲಿಂಡರ್ ಗೋಡೆಯ ಕಿಂಡಿಗಳನ್ನು, ಅಂದರೆ ಪೋರ್ಟುಗಳನ್ನು, ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಅರದಿಂದ ಉಜ್ಜಿ ಒಂದು ಮಿಲಿಮೀಟರ್ ಏರಿಸಿದರೆ ಮೇಲಿನ ವೇಗದಲ್ಲಿ ಜೀವ ಬರುತ್ತದೆ, ಕೆಳಗಿನ ಎಳೆತ ಸಾಯುತ್ತದೆ. ಪೋರ್ಟು ತೆರೆಯುವ ಮತ್ತು ಮುಚ್ಚುವ ಕೋನಗಳು ಅಲ್ಲಿ ಸಮನಾಗಿರುವುದರಿಂದ ಒಂದನ್ನು ಮುಟ್ಟಿದರೆ ಇನ್ನೊಂದೂ ಬದಲಾಗುತ್ತದೆ, ಉಜ್ಜಿದ ಲೋಹವನ್ನು ಮತ್ತೆ ಕೂಡಿಸಲಾಗುವುದಿಲ್ಲ. ಯಮಾಹಾ ಆರ್‌ಎಕ್ಸ್ 100 ಮತ್ತು ರಾಜದೂತ್ 350ಗಳ ಕಾಲದಲ್ಲಿ ಬೆಂಗಳೂರಿನಲ್ಲಿಯೂ ಕೊಯಮತ್ತೂರಿನಲ್ಲಿಯೂ ಬೆಳೆದ ಈ ವಿದ್ಯೆ ಹೊಗೆಯ ನಿಯಮಗಳು ಬಿಗಿಯಾದಂತೆ ನೆಲೆ ಕಳೆದುಕೊಂಡಿತು. ಅದರ ಒಂದು ಅಭ್ಯಾಸ ಮಾತ್ರ ನಾಲ್ಕು ಸ್ಟ್ರೋಕಿನ ಕೆಲಸಕ್ಕೂ ಅಂಟಿಕೊಂಡು ಬಂದಿತು: ಮೇಲಿನ ಕಸುವು ಸಿಕ್ಕರೆ ಕೆಳಗಿನದು ಹೋದರೂ ಚಿಂತೆಯಿಲ್ಲ ಎಂಬ ಉದಾರತೆ.

ದಕ್ಷಿಣ ಭಾರತದಲ್ಲಿ ಕ್ಯಾಮಿನ ಕೆಲಸ ನಿಜವಾಗಿ ಬೆಳೆದುದು ಮದರಾಸಿನ ಉತ್ತರಕ್ಕಿದ್ದ ಶೋಳವರಂ ವಿಮಾನಪಟ್ಟಿಯ ರೇಸುಗಳು ಮತ್ತು ಕೊಯಮತ್ತೂರಿನ ಗ್ರೈಂಡಿಂಗ್ ಶಾಪುಗಳ ನಡುವೆ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್, ಅಂಬಾಸಿಡರಿನ 1489 ಸಿಸಿ ಎಂಜಿನ್ ಎರಡರಲ್ಲೂ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದ್ದು ಪುಷ್‌ರಾಡುಗಳ ಮೂಲಕ ವಾಲ್ವುಗಳನ್ನು ಎತ್ತುತ್ತಿತ್ತು. ಹೊರದೇಶದಿಂದ ಕ್ಯಾಮ್ ತರಿಸಲು ಹಣವೂ ಪರವಾನಗಿಯೂ ಇಲ್ಲದ ಕಾಲದಲ್ಲಿ ಇರುವ ಕ್ಯಾಮನ್ನೇ ಮರುಗ್ರೈಂಡ್ ಮಾಡುವುದೊಂದೇ ದಾರಿಯಾಗಿತ್ತು. ಲೋಬಿನ ತುದಿಯನ್ನು ಹಾಗೇ ಬಿಟ್ಟು ಅದರ ಹಿಂಬದಿಯ ವೃತ್ತವನ್ನು, ಅಂದರೆ ಬೇಸ್ ಸರ್ಕಲನ್ನು, ಸವೆಸಿದರೆ ತುದಿಗೂ ಬೆನ್ನಿಗೂ ಇರುವ ಅಂತರ ಹೆಚ್ಚಿ ಲಿಫ್ಟ್ ಏರುತ್ತದೆ, ಕುಗ್ಗಿದ ವೃತ್ತದ ಲೆಕ್ಕವನ್ನು ಟ್ಯಾಪೆಟ್ ಸೆಟ್ಟಿಂಗಿನಲ್ಲಿ ಇಲ್ಲವೇ ಉದ್ದದ ಪುಷ್‌ರಾಡಿನಲ್ಲಿ ಸರಿದೂಗಿಸಬೇಕಾಗುತ್ತದೆ. ಗಟ್ಟಿ ಮಾಡಿದ ಮೇಲ್ಪದರ ತೆಳುವಾಗಿರುವುದರಿಂದ ಹೆಚ್ಚು ಸವೆಸಿದರೆ ಲೋಬು ಬೇಗ ಸವೆದುಹೋಗುತ್ತಿತ್ತು. ಈ ಮಿತಿಯೇ ಆ ಕಾಲದ ಕೆಲಸಕ್ಕೆ ಒಂದು ಹದವನ್ನು ತಂದುಕೊಟ್ಟಿತು: ದೊಡ್ಡ ಕ್ಯಾಮ್ ಮಾಡಲು ಲೋಹವೇ ಇಲ್ಲದ್ದರಿಂದ ಮಧ್ಯಮ ಕ್ಯಾಮನ್ನು ಚೆನ್ನಾಗಿ ಹೊಂದಿಸುವುದನ್ನು ಕಲಿಯಬೇಕಾಯಿತು.

ಹೊಂದಿಸುವ ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಕ್ರ್ಯಾಂಕಿನ ಮೂತಿಗೆ 360 ಡಿಗ್ರಿ ಗುರುತಿಸಿದ ತಗಡಿನ ಚಕ್ರವನ್ನು ಕಟ್ಟಿ, ಟ್ಯಾಪೆಟಿನ ಮೇಲೆ ಡಯಲ್ ಗೇಜಿನ ಮುಳ್ಳು ನಿಲ್ಲಿಸಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತ ಐದೈದು ಡಿಗ್ರಿಗೆ ಲಿಫ್ಟನ್ನು ಬರೆದುಕೊಳ್ಳುತ್ತಿದ್ದರು. ಪಿಸ್ಟನ್ನಿನ ತಲೆಗೆ ಮಕ್ಕಳಾಟದ ಜೇಡಿ ಮೆತ್ತಿ, ಹೆಡ್ ಕೂರಿಸಿ, ಎರಡು ಸುತ್ತು ತಿರುಗಿಸಿ ಮತ್ತೆ ಹೆಡ್ ಇಳಿಸಿದರೆ ವಾಲ್ವ್ ಒತ್ತಿದ ಅಚ್ಚು ಜೇಡಿಯಲ್ಲಿ ಮೂಡಿರುತ್ತಿತ್ತು. ಅದನ್ನು ಬ್ಲೇಡಿನಿಂದ ಕತ್ತರಿಸಿ ಅಳೆದಾಗ ಅತಿ ತೆಳುವಾದ ಕಡೆ 2 ಮಿಲಿಮೀಟರಿಗಿಂತ ಕಡಿಮೆ ಬಂದರೆ ಎಂಜಿನ್ ಜೋಡಿಸುವಂತಿರಲಿಲ್ಲ. ಆಮೇಲೆ ಟೈಮಿಂಗ್ ಚಕ್ರದ ಕೀಲಿಯನ್ನು ಸರಿಸಿ ಕ್ಯಾಮನ್ನು ನಾಲ್ಕು ಡಿಗ್ರಿಯಷ್ಟು ಮುಂದೂಡಿದರೆ ಇನ್‌ಲೆಟ್ ವಾಲ್ವ್ ಅಷ್ಟು ಬೇಗ ಮುಚ್ಚಿ ಕೆಳಗಿನ ಎಳೆತ ಹೆಚ್ಚುತ್ತದೆ, ಹಿಂದೂಡಿದರೆ ಮೇಲಿನ ಕಸುವು ಹೆಚ್ಚುತ್ತದೆ. ಹೊಸ ಕ್ಯಾಮ್ ಹಾಕಿದ ಎಂಜಿನ್ನನ್ನು ಮೊದಲ ಸಲ ಹೊಡೆದಾಗ ನಿಧಾನಗತಿಗೆ ಬಿಡದೆ 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಿ ಲೋಬು ಮತ್ತು ಟ್ಯಾಪೆಟುಗಳನ್ನು ಪಳಗಿಸಬೇಕೆಂಬ ನಿಯಮವನ್ನು ಮೀರಿದವರ ಕ್ಯಾಮುಗಳು ಗುಜರಿಗೆ ಹೋಗುತ್ತಿದ್ದವು. ಕಂಪ್ಯೂಟರ್ ಮ್ಯಾಪಿಂಗಿನ ಇಂದಿನ ಕೆಲಸಗಾರರಲ್ಲಿ ಎಷ್ಟು ಮಂದಿ ಈ ಅಳತೆಗಳನ್ನು ಸ್ವತಃ ತೆಗೆದಾರು ಎಂಬುದು ಅನುಮಾನ.

1988ರಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಹೂಡಿ ಕಟ್ಟಿದ ಫಾರ್ಮುಲಾ ಮಾರುತಿ ಕಾರು ಈ ಚರಿತ್ರೆಯ ಮುಖ್ಯ ಘಟ್ಟ. 796 ಸಿಸಿ, ಮೂರು ಸಿಲಿಂಡರ್, ಹೆಡ್ಡಿನ ಮೇಲೊಂದೇ ಕ್ಯಾಮ್‌ಶಾಫ್ಟ್, 2500 ಆರ್‌ಪಿಎಂಗೇ 59 ನ್ಯೂಟನ್-ಮೀಟರ್ ಎಳೆತ: ಊರೊಳಗೆ ಓಡಲೆಂದು ಮಾಡಿದ ಎಂಜಿನ್ ಅದು. ಅದನ್ನೇ ರೇಸಿಗೆ ಇಳಿಸಿದಾಗ ಗೆಲ್ಲಬೇಕಾದವರು ಗರಿಷ್ಠ ಅಂಕಿಗಿಂತ ತಿರುವಿನ ಹೊರದಾರಿಯಲ್ಲಿ ಸಿಗುವ ಎಳೆತವನ್ನು ನಂಬಬೇಕಾಯಿತು, ನಾರಾಯಣ್ ಕಾರ್ತಿಕೇಯನ್ ಮೊದಲ ಹೆಜ್ಜೆ ಇಟ್ಟದ್ದೂ ಆ ಕಾರಿನಲ್ಲೇ. ಅದೇ 1988ರಲ್ಲಿ ಆರಂಭವಾದ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ ಎನ್. ಲೀಲಾಕೃಷ್ಣನ್ ಅವರಂತಹ ಕೊಯಮತ್ತೂರಿನ ಚಾಲಕರು ತಾವೇ ಗಾಡಿ ಕಟ್ಟಿ ತಾವೇ ಓಡಿಸಿದರು. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟದ ದಾರಿಗಳು, ಕೆ-1000 ರ‍್ಯಾಲಿಯ ಕಚ್ಚಾ ರಸ್ತೆಗಳು ದೊಡ್ಡ ಕ್ಯಾಮಿನ ಗಾಡಿಗಳನ್ನು ತಾವಾಗಿಯೇ ಜರಡಿ ಹಿಡಿದವು. ಉತ್ಪಾದನಾ ಗಾಡಿಗಳ ಎನ್ ಗುಂಪಿನಲ್ಲಂತೂ ನಿಯಮವೇ ಕಂಪನಿಯ ಕ್ಯಾಮನ್ನು ಕಡ್ಡಾಯ ಮಾಡಿತ್ತು. 1995ರಲ್ಲಿ ಕರಿವರ್ಧನ್ ತೀರಿಕೊಂಡ ಮೇಲೆ ಕೊಯಮತ್ತೂರಿನ ಹೊರಗೆ ಅವರ ಹೆಸರಿನ ರೇಸ್ ಪಥವೇನೋ ಎದ್ದುನಿಂತಿತು, ಆದರೆ ಆಮೇಲೆ ಪ್ರಬಲವಾದ, ಎಲ್ಲರಿಗೂ ಒಂದೇ ಮೊಹರು ಹಾಕಿದ ಎಂಜಿನ್ ಕೊಡುವ ಸ್ಪರ್ಧೆಗಳು ಚಾಲಕರನ್ನು ಬೆಳೆಸಿದಷ್ಟು ಎಂಜಿನ್ ಬಲ್ಲವರನ್ನು ಬೆಳೆಸಲಿಲ್ಲ.

ಮಧ್ಯಮ ಕ್ಯಾಮನ್ನು ನೆಚ್ಚಿಕೊಂಡ ಈ ಪಂಥದ ವಿವೇಕ ಕಾಣುವುದು ಬ್ರೇಕಿನಲ್ಲಿ. ಪೆಟ್ರೋಲ್ ಕಾರಿನ ಬ್ರೇಕ್ ಬೂಸ್ಟರ್ ಇನ್‌ಲೆಟ್ ಮ್ಯಾನಿಫೋಲ್ಡಿನ ನಿರ್ವಾತವನ್ನು ನಂಬಿ ದುಡಿಯುತ್ತದೆ. ಕಂಪನಿಯ ಕ್ಯಾಮಿದ್ದಾಗ ನಿಧಾನಗತಿಯಲ್ಲಿ ಪಾದರಸದ 18ರಿಂದ 20 ಅಂಗುಲದಷ್ಟಿರುವ ಆ ನಿರ್ವಾತ, ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮ್ ಹಾಕಿದಾಗ ಸುಟ್ಟ ಹೊಗೆ ಹಿಂದಕ್ಕೆ ನುಗ್ಗುವುದರಿಂದ 10-12ಕ್ಕೆ ಇಳಿಯಬಹುದು. ಎಂಜಿನ್ ತೊದಲುವುದಕ್ಕೂ ಕಾರಣ ಅದೇ ಹೊಗೆ. ಜನ ಬಲವೆಂದು ಕಿವಿಗೊಟ್ಟು ಕೇಳುವ ಸದ್ದು ಅರೆಬೆಂದ ಮಿಶ್ರಣದ ಸದ್ದು. ಕೊಡೈಕನಾಲಿನಿಂದ ಇಳಿಯುವ ಗಾಡಿ ಗೇರಿನಲ್ಲಿ ಇಳಿಯುತ್ತಿರುವಷ್ಟು ಹೊತ್ತು ನಿರ್ವಾತಕ್ಕೆ ಕೊರತೆಯಿಲ್ಲ, ಆದರೆ ಬಸ್ಸಿಗೆ ದಾರಿ ಬಿಡಲು ತಿರುವಿನಲ್ಲಿ ನಿಂತು, ಕ್ಲಚ್ ಒತ್ತಿ, ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ತುಳಿಯಬೇಕಾದಾಗ ಪೆಡಲು ಗಟ್ಟಿಯಾಗುತ್ತದೆ. ಎಂಜಿನ್ನಿನ ಕಸುವು ಅಳೆಯುವ ಡೈನಮೋಮೀಟರಿನ ಯಾವ ನಕ್ಷೆಯಲ್ಲೂ ಇದು ಮೂಡುವುದಿಲ್ಲ.

ಮೋಟಾರ್ ಸೈಕಲ್ಲುಗಳಲ್ಲಿ ಇದೇ ಪಾಠವನ್ನು ಹೇಳಿಕೊಟ್ಟದ್ದು ರಾಯಲ್ ಎನ್‌ಫೀಲ್ಡ್ ಬುಲೆಟ್. ಅದರ ಹಳೆಯ ಬೀಡುಕಬ್ಬಿಣದ ಎಂಜಿನ್‌ನಲ್ಲಿ ಪಿಸ್ಟನ್ನನ್ನು ಕಂಪ್ರೆಶನ್ನಿನ ತುದಿಗೆ ತಂದು, ಮುಚ್ಚಳ ಬಿಚ್ಚಿ, ಪುಷ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲುಗಬಾರದು. ದಿಂಡಿಗಲ್ಲಿನಿಂದ ಕಂಬಂವರೆಗಿನ ಮೆಕ್ಯಾನಿಕ್ಕುಗಳು ಫೀಲರ್ ಗೇಜಿಲ್ಲದೆ ಟ್ಯಾಪೆಟ್ ಕೂರಿಸುತ್ತಿದ್ದುದು ಹೀಗೆ. ಹೈಡ್ರಾಲಿಕ್ ಟ್ಯಾಪೆಟಿನ ಯುಸಿಇ (ಯೂನಿಟ್ ಕನ್ಸ್ಟ್ರಕ್ಷನ್) ಎಂಜಿನ್ ಬಂದಾಗ ಆ ಕೆಲಸ ಹೋಯಿತು, ಎಳೆತ ಉಳಿಯಿತು: 4000 ಆರ್‌ಪಿಎಂಗೆ 28 ನ್ಯೂಟನ್-ಮೀಟರ್, 5250ಕ್ಕೆ 19.8 ಅಶ್ವಶಕ್ತಿ. 2020ರ ಜೆ ಸರಣಿಯ ಎಂಜಿನ್‌ನಲ್ಲಿ ಕ್ಯಾಮ್ ಹೆಡ್ಡಿನ ಮೇಲಕ್ಕೆ ಹೋಗಿ 6100ಕ್ಕೆ 20.2 ಅಶ್ವಶಕ್ತಿ ಬಂದರೂ 4000ದಲ್ಲಿನ ಎಳೆತ 27ರಲ್ಲೇ ನಿಂತಿತು. ಕ್ಯಾಮನ್ನು ಮೇಲಕ್ಕೆ ಒಯ್ದ ಮಾತ್ರಕ್ಕೆ ಸ್ವಭಾವ ಬದಲಾಗಬೇಕಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಇದಕ್ಕೆ ಎದುರಾಗಿ ನಿಲ್ಲುವ 155 ಸಿಸಿಯ ಯಮಾಹಾ ಆರ್15 ಹೆಚ್ಚುಕಡಿಮೆ ಅಷ್ಟೇ ಅಶ್ವಶಕ್ತಿಯನ್ನು 10,000 ಆರ್‌ಪಿಎಂನಲ್ಲಿ ಕೊಡುತ್ತದೆ. ಗೇರುಗಳ ಅನುಪಾತದಿಂದ ಚಕ್ರದ ಮೇಲಿನ ಬಲವನ್ನು ಸರಿದೂಗಿಸಬಹುದೆಂಬ ವಾದ ಸರಿಯಾದದ್ದೇ. ಆದರೆ ಒಂದೊಂದು ತಿರುವಿಗೂ ಎರಡೆರಡು ಸಲ ಗೇರು ಬದಲಿಸುವ ಶ್ರಮವನ್ನು ಆ ವಾದ ಸವಾರನ ತಲೆಗೆ ಕಟ್ಟುತ್ತದೆ.

ಕಂಬಂ ಕಣಿವೆಯಿಂದ ನಸುಕಿನಲ್ಲಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ಹೊತ್ತು ಏರುವ ಮಹೀಂದ್ರಾ ಜೀಪುಗಳ ಡೀಸೆಲ್ ಎಂಜಿನ್ನು ಕ್ಯಾಮಿನ ಚರ್ಚೆಯಲ್ಲಿ ಬರುವುದೇ ಇಲ್ಲ, ಬರಬೇಕಿತ್ತು. ಹೆಚ್ಚಿನ ಕಂಪ್ರೆಶನ್ನಿನಿಂದಾಗಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗವೇ ಇಲ್ಲದ ಡೀಸೆಲ್‌ನಲ್ಲಿ ಓವರ್‌ಲ್ಯಾಪ್ ಕಿರಿದು, ಚಳಿಯಲ್ಲಿ ಹೊತ್ತಿಕೊಳ್ಳಲೇಬೇಕಾದ್ದರಿಂದ ಇನ್‌ಲೆಟ್ ವಾಲ್ವ್ ಬೇಗ ಮುಚ್ಚುತ್ತದೆ. ಘಾಟಿಗೆ ಬೇಕಾದ ಕ್ಯಾಮ್ ಯಾವುದೆಂದು ಕೇಳಿದರೆ ಉತ್ತರ ಆ ಜೀಪುಗಳಲ್ಲಿ ಹಿಂದಿನಿಂದಲೂ ಓಡಾಡುತ್ತಿದೆ.

ಒಂದೇ ಕ್ಯಾಮಿನ ಈ ಇಕ್ಕಟ್ಟಿಗೆ ಮದ್ದೆಂದು ಹೊಗಳಿಸಿಕೊಂಡದ್ದು ಬದಲಾಗುವ ವಾಲ್ವ್ ಸಮಯ. ಹೋಂಡಾ 1989ರಲ್ಲಿ ತಂದ ವಿಟೆಕ್ ವ್ಯವಸ್ಥೆಯಲ್ಲಿ ಎರಡು ಸೌಮ್ಯ ಲೋಬುಗಳ ನಡುವೆ ಒಂದು ಚುರುಕಾದ ಲೋಬಿದ್ದು, ವೇಗ ಏರಿದಾಗ ಆಯಿಲ್ ಒತ್ತಡದ ಪಿನ್ನು ರಾಕರುಗಳನ್ನು ಬೆಸೆದು ನಡುವಿನ ಲೋಬಿಗೆ ಅಧಿಕಾರ ಕೊಡುತ್ತದೆ, 1.6 ಲೀಟರಿನಿಂದ 160 ಪಿಎಸ್ ಬಂದದ್ದು ಹಾಗೆ. ಆರ್15ರ 2018ರ ಮಾದರಿ ಇದೇ ಬಗೆಯ ಬದಲಾವಣೆಯನ್ನು 7400 ಆರ್‌ಪಿಎಂನಲ್ಲಿ ಮಾಡುತ್ತದೆ, ಬೆಟ್ಟ ಹತ್ತುವ ಸವಾರ ಆ ವೇಗವನ್ನು ಮುಟ್ಟುವುದು ಅಪರೂಪ. ಇನ್ನೂ ಕುತೂಹಲದ ಬೆಳವಣಿಗೆ ಬಿಡದಿಯಲ್ಲಿ ನಡೆದಿದೆ. ಅಲ್ಲಿ ತಯಾರಾಗುವ ಟೊಯೊಟಾ ಇನೊವಾ ಹೈಕ್ರಾಸ್ ಹೈಬ್ರಿಡ್‌ನ ಪೆಟ್ರೋಲ್ ಎಂಜಿನ್ ಅಟ್ಕಿನ್‌ಸನ್ ಕ್ರಮದಲ್ಲಿ, ಅಂದರೆ ಇನ್‌ಲೆಟ್ ವಾಲ್ವನ್ನು ಬೇಕೆಂದೇ ತಡವಾಗಿ ಮುಚ್ಚಿ, ಇಂಧನ ಉಳಿಸುತ್ತದೆ. ಅದರಿಂದ ಕಳೆದುಹೋದ ಕೆಳಗಿನ ಎಳೆತವನ್ನು ವಿದ್ಯುತ್ ಮೋಟಾರು ತುಂಬಿಕೊಡುತ್ತದೆ. ರೇಸಿನ ಕ್ಯಾಮ್ ಅಶ್ವಶಕ್ತಿಗಾಗಿ ಮಾಡಿದ ತಡವನ್ನೇ ಈ ಕ್ಯಾಮ್ ಮಿತವ್ಯಯಕ್ಕಾಗಿ ಮಾಡುತ್ತಿದೆ ಎಂದಮೇಲೆ ಕ್ಯಾಮಿನ ಚರ್ಚೆ ಹಳತಾಯಿತೆನ್ನುವುದು ಆತುರದ ಮಾತಾಗುತ್ತದೆ.

ಕನ್ನಡ ಮಾತಾಡುವವರು ದೊಡ್ಡ ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲಿ 1992ರಲ್ಲಿ ಹುಟ್ಟಿದ ಪ್ರಿಸಿಶನ್ ಕ್ಯಾಮ್‌ಶಾಫ್ಟ್ಸ್ ಕಂಪನಿ ಹೊರದೇಶದ ಕಾರು ತಯಾರಕರಿಗೂ ಕ್ಯಾಮ್ ಎರಕ ಹೊಯ್ದು ಕೊಡುತ್ತದೆ. ಎರಕ ಹೊಯ್ಯುವಾಗಲೇ ಲೋಬಿನ ಮೈಯನ್ನು ಥಟ್ಟನೆ ತಣಿಸಿ ಗಡಸು ಮಾಡುವ ವಿದ್ಯೆ ಇಲ್ಲೇ ಇದೆ. ಇಷ್ಟಿದ್ದೂ ಘಾಟಿ ಊರುಗಳಲ್ಲಿ ಟ್ಯೂನಿಂಗಿಗೆ ಸಿಗುವ ಕ್ಯಾಮುಗಳು ಸಪಾಟು ರೇಸ್ ಪಥಕ್ಕೆಂದು ಬರೆದ ಆಕಾರದವೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡನ್ನು ನಿರ್ಬಂಧಿಸುವುದರಿಂದ ಬೀದಿಯ ಗಾಡಿಗಳ ಕೆಲಸ ಬಾಯಿಂದ ಬಾಯಿಗಷ್ಟೇ ಸಾಗಿ ದಾಖಲೆಗೆ ಇಳಿಯಲಿಲ್ಲ, ಮೊಹರಿನ ಎಂಜಿನ್ನುಗಳಿಂದಾಗಿ ರೇಸಿನ ಕೆಲಸವೂ ದಾಖಲಾಗಲಿಲ್ಲ. ಪುಷ್‌ರಾಡ್ ಕಾಲದ ಮರುಗ್ರೈಂಡ್ ಕ್ಯಾಮುಗಳ ಲಿಫ್ಟ್ ಪಟ್ಟಿಗಳು ಗ್ರೈಂಡಿಂಗ್ ಶಾಪುಗಳ ಎಣ್ಣೆ ಮೆತ್ತಿದ ನೋಟುಪುಸ್ತಕಗಳಲ್ಲಿ ಇದ್ದವು, ಆ ಶಾಪುಗಳು ಪಂಪು ಮತ್ತು ಜವಳಿ ಯಂತ್ರಗಳ ಕೆಲಸಕ್ಕೆ ಹೊರಳಿದಾಗ ಅವನ್ನು ಕೇಳುವವರಿರಲಿಲ್ಲ. ಮಧುರೆ, ಕೊಯಮತ್ತೂರು, ಮೈಸೂರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡೈನಮೋಮೀಟರ್ ಇದೆ. ಒಂದೇ ಎಂಜಿನ್ನಿಗೆ ಮೂರು ಕ್ಯಾಮುಗಳನ್ನು ಸರದಿಯಲ್ಲಿ ಹಾಕಿ, 1500, 2000 ಮತ್ತು 2500 ಆರ್‌ಪಿಎಂಗಳಲ್ಲಿ, ಕಾಲು ಮತ್ತು ಅರ್ಧ ಆಕ್ಸಿಲರೇಟರಿಗೆ, ಎಳೆತವನ್ನೂ ಮ್ಯಾನಿಫೋಲ್ಡಿನ ನಿರ್ವಾತವನ್ನೂ ಅಳೆದು, ಅದೇ ಗಾಡಿಯನ್ನು ಬತ್ತಲಗುಂಡಿನಲ್ಲೊಮ್ಮೆ ಕೊಡೈಕನಾಲಿನಲ್ಲೊಮ್ಮೆ ಓಡಿಸಿ ನೋಡುವುದಕ್ಕೆ ಒಂದು ಶೈಕ್ಷಣಿಕ ವರ್ಷ ಸಾಕು, ಬೇಕಾಗುವ ಉಪಕರಣಗಳಲ್ಲಿ ಹೆಚ್ಚಿನವು ಈಗಾಗಲೇ ಆ ಪ್ರಯೋಗಾಲಯಗಳಲ್ಲಿವೆ.